ಹಳೇ ಇಂಜಿನ್ನಿಗೆ ಹೊಸ ಕೈ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಎರಿ ಸೀಮೆಯಲ್ಲಿ ಮೋಟಾರು ದೋಣಿ ಕಣ್ಣಿಗೆ ಬೀಳುವುದು ಬೆಣ್ಣೆಹಳ್ಳ ಉಕ್ಕಿ ಊರು ಹೊಕ್ಕ ವರ್ಷ ಮಾತ್ರ. ಅದೂ ರಕ್ಷಣಾ ಪಡೆಯವರು ತಂದರೆ. ಹೀಗಾಗಿ ಅಮೆರಿಕದ ಸರೋವರ ಸೀಮೆಯವರ ಒಂದು ಹವ್ಯಾಸ ನಮಗೆ ದೂರದ ಮಾತು. 1909ರಲ್ಲಿ ಓಲೆ ಎವಿನ್‌ರೂಡ್ ಮಾರತೊಡಗಿದ, ದೋಣಿಯ ಹಿಂಬದಿಗೆ ಸಿಕ್ಕಿಸುವ ಪುಟ್ಟ ಇಂಜಿನ್ನಿನ ಪೀಳಿಗೆಯವನ್ನು ಅವರು ಗುಜರಿಯಿಂದ ತಂದು, ಮನೆಯ ಶೆಡ್ಡಿನಲ್ಲಿ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಮೊದಲ ಸಲ ಪಾನಾ ಹಿಡಿದವರೂ ಅವರಲ್ಲಿದ್ದಾರೆ.

ನಮ್ಮಲ್ಲಿ ಆ ಜಾಗ ತುಂಬಬಲ್ಲದ್ದು ನೀರೆತ್ತುವ ಡೀಸೆಲ್ ಇಂಜಿನ್. ದನದ ಕೊಟ್ಟಿಗೆಯ ಮೂಲೆಯಲ್ಲಿ, ಬಣವಿಯ ಹಿಂದೆ, ಬಾಗಿಲು ಮುಚ್ಚಿದ ಹಿಟ್ಟಿನ ಗಿರಣಿಯೊಳಗೆ ಅವು ಇನ್ನೂ ಕೂತಿವೆ. ಓದು ಬರಹ ಬಲ್ಲ, ಆದರೆ ಇಂಜಿನ್ ಕೆಲಸದ ಗಂಧಗಾಳಿ ಇಲ್ಲದ ಒಬ್ಬ ವಯಸ್ಕ ಅಂಥದೊಂದನ್ನು ಬಿಚ್ಚಿ ಕಟ್ಟಲು ಹೊರಟರೆ ಅದಕ್ಕೆ ಅರ್ಥವಿದೆಯೇ? ಇದೆ ಎನ್ನುವುದು ನನ್ನ ವಾದ. ಆದರೆ ಇದಕ್ಕೆ ಎಲ್ಲರೂ ಕೊಡುವ ಎರಡು ಕಾರಣಗಳಲ್ಲಿ, ಅಂದರೆ ದುಡ್ಡು ಉಳಿಯುತ್ತದೆ ಎಂಬುದರಲ್ಲಿ ಮತ್ತು ಹಳೆಯದನ್ನು ಉಳಿಸಿಕೊಳ್ಳಬೇಕು ಎಂಬುದರಲ್ಲಿ, ನನಗೆ ನಂಬಿಕೆ ಇಲ್ಲ.

ಈ ಇಂಜಿನ್ನುಗಳು ಇಲ್ಲಿಗೆ ಬಂದದ್ದಕ್ಕೆ ನೆಲವೇ ಕಾರಣ. ನವಲಗುಂದದ ಅನೇಕ ಕಡೆ ನೆಲದಡಿಯ ನೀರು ಸವಳು. ಬೋರು ಕೊರೆದರೂ ಬೆಳೆಗೆ ಬರದು. ಇರುವುದು ಹಳ್ಳದ ನೀರು, ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಬಂದಾಗ ಬರುವ ನೀರು, ಮತ್ತು ಮಳೆಯನ್ನು ಹಿಡಿದಿಟ್ಟ ಹೊಂಡದ ನೀರು. ಮೂರನ್ನೂ ಎತ್ತಬೇಕು, ಮತ್ತು ಎತ್ತಬೇಕಾದ ಜಾಗದಲ್ಲಿ ಕರೆಂಟಿನ ಕಂಬ ಇರುವುದಿಲ್ಲ. ಕಲಘಟಗಿ ಕಡೆ ಕಬ್ಬಿನ ಗಾಣಕ್ಕೂ ಇಂಜಿನ್ ಬೇಕಾಗಿತ್ತು. ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಮಾಡಿದ ನಿಧಾನಗತಿಯ ಒಂಟಿ ಸಿಲಿಂಡರಿನ ಇಂಜಿನ್ನನ್ನು ರಾಜಕೋಟದ ಕಾರ್ಖಾನೆಗಳು ನಕಲು ಮಾಡಿ ದೇಶದ ತುಂಬ ಹರಡಿದವು. ನಿಮಿಷಕ್ಕೆ ಬರೀ 650 ಸುತ್ತು, ಎರಡು ಕಡೆ ಎರಡು ದೊಡ್ಡ ಫ್ಲೈವೀಲು, ಮೂರು ಕ್ವಿಂಟಲಿಗೂ ಮೀರಿದ ತೂಕ. ಇನ್ನೊಂದು ದಾರಿಯಲ್ಲಿ, 1946ರಲ್ಲಿ ಪುಣೆಯಲ್ಲಿ ಶುರುವಾದ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್‌ನ ಚಿಕ್ಕ, ಚುರುಕಿನ ಇಂಜಿನ್ನುಗಳು ಬಂದವು. ಅವುಗಳಲ್ಲಿ ಎವಿ1 ಎಂಬುದು 80 ಮಿಲಿಮೀಟರ್ ಬೋರು, 110 ಮಿಲಿಮೀಟರ್ ಸ್ಟ್ರೋಕು, 1500 ಸುತ್ತಿಗೆ ಐದು ಎಚ್‌ಪಿ.

ಅವು ಮೂಲೆ ಸೇರಿದ ಕಾರಣವೂ ಗುಟ್ಟಿನದಲ್ಲ. 2008ರಿಂದ ಕರ್ನಾಟಕದಲ್ಲಿ ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಕಂಬ ಮುಟ್ಟಿದ ಹೊಲದಲ್ಲಿ ಡೀಸೆಲ್ ಸುಡುವವನು ದಡ್ಡ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಡಿ ಕೃಷಿ ಹೊಂಡದ ಜತೆಗೆ ನೀರೆತ್ತುವ ಇಂಜಿನ್ನಿಗೂ ಸಹಾಯಧನ ಸಿಕ್ಕಿತು. ಹೆಗಲ ಮೇಲೆ ಹೊರಬಹುದಾದ ಪಂಪು ಹೊಂಡದ ದಂಡೆಗೆ ಬಂದಿತು. ಈಗ ಸೌರ ಪಂಪಿನ ಕಾಲ. ಹೀಗಿರುವಾಗ ಮೂರು ಕ್ವಿಂಟಲಿನ ಕಬ್ಬಿಣವನ್ನು ಎಬ್ಬಿಸಿ ನಿಲ್ಲಿಸುವುದರಿಂದ ಹಣ ಉಳಿಯುತ್ತದೆ ಎನ್ನುವವರು ಲೆಕ್ಕ ಬರೆದು ನೋಡಲಿ. ಲೈನರು, ಪಿಸ್ಟನ್, ರಿಂಗು, ಬೇರಿಂಗು, ಲೇಥಿನ ಕೂಲಿ, ನೋಜಲ್ಲು, ಹುಬ್ಬಳ್ಳಿಗೆ ಓಡಾಡಿದ ಬಸ್ ಚಾರ್ಜು, ಇವನ್ನೆಲ್ಲ ಕೂಡಿಸಿ, ಆಮೇಲೆ ಅದು ಕುಡಿಯುವ ಡೀಸೆಲ್ ಸೇರಿಸಿದರೆ ಉಳಿತಾಯದ ಮಾತು ಬಾಯಿಗೆ ಬಾರದು.

ಮೋಹದ ವಾದ ಇನ್ನೂ ಬಡಕಲು. ಹೆದ್ದಾರಿಯ ಪಕ್ಕದ ಊಟದ ಹೋಟೆಲುಗಳ ಅಂಗಳದಲ್ಲಿ ಎತ್ತಿನ ಗಾಡಿಯ ಗಾಲಿಯ ಜತೆ ಇಂಥ ಇಂಜಿನ್ನಿಗೂ ಹಸಿರು ಬಣ್ಣ ಬಳಿದು ನಿಲ್ಲಿಸಿದ್ದಾರೆ. ಒಳಗೆ ಪಿಸ್ಟನ್ ತುಕ್ಕು ಹಿಡಿದು ಲೈನರಿಗೆ ಅಂಟಿದೆ, ಹೊರಗೆ ಹೊಳಪು. ದುಡಿದ ಯಂತ್ರವನ್ನು ಬೊಂಬೆ ಮಾಡಿದ ಮೇಲೆ ಅದರಿಂದ ಕಲಿಯುವುದೇನೂ ಉಳಿಯುವುದಿಲ್ಲ, ನೆನಪು ಮಾತ್ರ ಉಳಿಯುತ್ತದೆ. ಅದರಲ್ಲೂ ಆ ನೆನಪು ಹ್ಯಾಂಡಲ್ ಹೊಡೆದು ಎದೆ ನೋಯಿಸಿಕೊಂಡವರದಲ್ಲ, ನೋಡಿದವರದು.

ನನ್ನ ಕಾರಣ ಬೇರೆ. ಹೊಸಬ ತಪ್ಪು ಮಾಡಿದರೂ ಮಾಫಿ ಕೊಡುವ ಯಂತ್ರ ಹಳ್ಳಿಯಲ್ಲಿ ಇದೇ ಕೊನೆಯದು. ಏನಾಗಿದೆ ಎಂಬುದನ್ನು ಅದು ಕಣ್ಣಿಗೆ, ಕೈಗೆ, ಕಿವಿಗೆ ಹೇಳುತ್ತದೆ. ಬಿಚ್ಚಲು ಗುಪ್ತ ಸಂಕೇತ ಬೇಡ, ಕಂಪ್ಯೂಟರ್ ಹಚ್ಚುವುದು ಬೇಡ. ಒಂದೊಂದು ಭಾಗವೂ ಬೇರೆ ಬೇರೆಯಾಗಿ ಬದಲಾಗುತ್ತದೆ. ಲೈನರು ಸವೆದರೆ ಲೈನರು, ವಾಲ್ ಸೀಟು ಸವೆದರೆ ಸೀಟು.

ಬೆಣ್ಣೆಹಳ್ಳದ ದಂಡೆಯ ಒಂದು ಹೊಲದಲ್ಲಿ ಎಷ್ಟೋ ವರ್ಷ ದುಡಿದು, ಆಮೇಲೆ ಕೊಟ್ಟಿಗೆ ಸೇರಿದ್ದ ರಾಜಕೋಟದ ಇಂಜಿನ್ನೊಂದರ ಮೇಲೆ ನಾನೂ ಕೈ ಇಟ್ಟವನು. ಗುರು ಅಣ್ಣಿಗೇರಿಯ ಒಬ್ಬ ವಯಸ್ಸಾದ ಮಿಸ್ತ್ರಿ. ಮೊದಲ ದಿನ ಅವರು ಹೇಳಿದ್ದು ಇಷ್ಟೇ: “ಬಿಚ್ಚೋದೇನ್ ದೊಡ್ಡದಲ್ರಿ ಸರ. ಯಾವ್ದು ಯಾವ್ದರ ಹಿಂದ ಬಂತು ಅಂತ ಬರದಿಡ್ರಿ.” ಹಾಗೆ ಬರೆದಿಟ್ಟ ನೋಟ್‌ಬುಕ್ಕಿನ ಪುಟಗಳಿಗೆ ಈಗಲೂ ಡೀಸೆಲ್ ವಾಸನೆ ಇದೆ.

ಈ ಕೆಲಸದಲ್ಲಿ ಎರಡು ಸಂಗತಿಯನ್ನು ಹತ್ತಿರದಿಂದ ತೋರಿಸಬೇಕು. ಮೊದಲನೆಯದು ವಾಲ್ ಕೂರಿಸುವುದು. ವಾಲಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ಸೀಟಿನ ಮೇಲಿಟ್ಟು, ಅಂಗೈ ನಡುವೆ ಕಡ್ಡಿ ಹಿಡಿದು ಅತ್ತಿತ್ತ ಉಜ್ಜಬೇಕು. ಆಗಾಗ ಎತ್ತಿ, ಜಾಗ ಬದಲಿಸಿ, ಮತ್ತೆ ಉಜ್ಜಬೇಕು. ಮೊದಲು ಪೇಸ್ಟ್ ಕರಕರ ಅನ್ನುತ್ತದೆ, ಬರಬರುತ್ತ ಸದ್ದು ಮೆತ್ತಗಾಗುತ್ತದೆ. ಒರೆಸಿ ನೋಡಿದರೆ ಅಂಚಿನ ಸುತ್ತ ಬೂದಿ ಬಣ್ಣದ, ಎಲ್ಲೂ ತುಂಡಾಗದ ಒಂದು ಉಂಗುರ ಮೂಡಿರಬೇಕು. ಸರಿಯಾಯಿತೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ವಾಲನ್ನು ಕೂರಿಸಿ ಪೋರ್ಟಿಗೆ ಸೀಮೆಎಣ್ಣೆ ಸುರಿದು ಬಿಟ್ಟರೆ ಆಯಿತು. ಜಿನುಗಿದರೆ ಮತ್ತೆ ಉಜ್ಜು.

ಎರಡನೆಯದು ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು. ಪಿಸ್ಟನ್ ತುತ್ತತುದಿಗೆ ಬಂದಾಗ ಅಲ್ಲಿ ಎಷ್ಟು ಜಾಗ ಉಳಿಯಿತು ಎಂಬುದರ ಮೇಲೆ ಕಂಪ್ರೆಶನ್ ನಿಂತಿದೆ. ಜಾಗ ಹೆಚ್ಚಾದರೆ ಇಂಜಿನ್ ಚಳಿಗಾಲದ ಬೆಳಿಗ್ಗೆ ಎದ್ದೇಳದು. ಕಡಿಮೆಯಾದರೆ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ. ಹೆಡ್ ಮುಚ್ಚಿದ ಮೇಲೆ ಒಳಗೆ ಕಣ್ಣು ಹೋಗದು. ಮಿಸ್ತ್ರಿ ಸೀಸದ ತಂತಿಯ ಚೂರೊಂದನ್ನು ಪಿಸ್ಟನ್ ತಲೆಯ ಮೇಲಿಟ್ಟು, ಹೆಡ್ ಬಿಗಿದು, ಫ್ಲೈವೀಲನ್ನು ಕೈಯಿಂದ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದರು. ಹೆಡ್ ತೆಗೆದಾಗ ಸೀಸ ಚಪ್ಪಟೆಯಾಗಿತ್ತು. ಅದರ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದರೆ ಸಂದು ಎಷ್ಟೆಂದು ತಿಳಿಯಿತು. ಸಿಲಿಂಡರಿನ ಬುಡದ ತೆಳು ಪ್ಯಾಕಿಂಗನ್ನು ಹೆಚ್ಚು ಕಡಿಮೆ ಮಾಡಿ ಅದನ್ನು ಸರಿಪಡಿಸುತ್ತಾರೆ. ಬಂಡಿಯಷ್ಟು ತೂಕದ ಯಂತ್ರದ ಹಣೆಬರಹವನ್ನು ಕಡಲೆಕಾಳಿನಷ್ಟು ಸೀಸ ಹೇಳುತ್ತದೆ. ಶಾಲೆಯಲ್ಲಿ ನಾನು ಓದಿದ ಭೌತಶಾಸ್ತ್ರದಲ್ಲಿ ಇಷ್ಟು ನಿಚ್ಚಳವಾದ ಪ್ರಯೋಗ ಇನ್ನೊಂದಿರಲಿಲ್ಲ.

ಹಾಗೆಂದು ಎಲ್ಲವನ್ನೂ ಬಿಚ್ಚಬೇಕೆಂದಲ್ಲ. ಡೀಸೆಲ್ ಪಂಪಿನ ಪ್ಲಂಜರು ಮತ್ತು ಬ್ಯಾರಲ್ಲು ಒಂದಕ್ಕೊಂದು ಜೋಡಿಯಾಗಿಯೇ ಹುಟ್ಟುತ್ತವೆ. ನಡುವಿನ ಸಂದು ಒಂದೆರಡು ಮೈಕ್ರಾನಿನ ಮಾತು. ಅಲ್ಲಿ ಒಂದು ಕಣ ದೂಳು ಹೊಕ್ಕರೆ ಮುಗಿಯಿತು, ಬಟ್ಟೆಯಲ್ಲಿ ಒರೆಸಿದ ನೂಲಿನ ಎಳೆಯೂ ಸಾಕು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆ ಊರಿದ ಮೈಕೋ ಕಂಪನಿ ಈ ಸೂಕ್ಷ್ಮ ಕೆಲಸವನ್ನು ನಮ್ಮ ದೇಶದಲ್ಲೇ ಮಾಡತೊಡಗಿತು; 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಮಿಸ್ತ್ರಿಗಳ ಬಾಯಲ್ಲಿ ಅದು ಮೈಕೋವೇ. ಪಂಪು, ನೋಜಲ್ಲು ಹುಬ್ಬಳ್ಳಿಯ ಸರ್ವಿಸ್ ಅಂಗಡಿಗೆ ಹೋಗಬೇಕು. ಕೈ ಎಲ್ಲಿ ನಿಲ್ಲಬೇಕು ಎಂಬುದೂ ಕಲಿಕೆಯ ಭಾಗವೇ, ಮತ್ತು ಅದು ಪುಸ್ತಕದಿಂದ ಬರುವುದಿಲ್ಲ. ಉಳಿದೆಲ್ಲವನ್ನೂ ತನ್ನ ಕೈಯಿಂದ ಬಿಚ್ಚಿದವನಿಗೆ ಮಾತ್ರ ಇದೊಂದನ್ನು ಏಕೆ ಬಿಚ್ಚಬಾರದು ಎಂಬುದು ಮನವರಿಕೆ ಆಗುತ್ತದೆ.

ಇಲ್ಲಿ ನಮ್ಮ ಎಂಜಿನಿಯರಿಂಗ್ ಶಿಕ್ಷಣದ ಬಗ್ಗೆ ಒಂದು ಮಾತು. ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ನಿಂತಿರುವುದು ಇದೇ ಜಾತಿಯ ಒಂಟಿ ಸಿಲಿಂಡರಿನ ಡೀಸೆಲ್ ಇಂಜಿನ್. ವಿದ್ಯಾರ್ಥಿಗಳು ಅದಕ್ಕೆ ಹಗ್ಗದ ಬ್ರೇಕು ಹಾಕಿ, ಡೀಸೆಲ್ ಇಳಿಯುವ ಹೊತ್ತನ್ನು ಗಡಿಯಾರ ಹಿಡಿದು ನೋಡಿ, ದಕ್ಷತೆ ಲೆಕ್ಕ ಹಾಕಿ, ಗ್ರಾಫ್ ಬಿಡಿಸುತ್ತಾರೆ. ಅದರ ಹೆಡ್ ತೆಗೆಯದೆಯೇ ಪದವಿ ಮುಗಿಸಿದ ಮೆಕ್ಯಾನಿಕಲ್ ಪದವೀಧರರನ್ನು ನಾನು ಬಲ್ಲೆ. ಹಳ್ಳಿಯ ಕೊಟ್ಟಿಗೆಯಲ್ಲಿ ಅದೇ ಇಂಜಿನ್ನನ್ನು ಕಟ್ಟಬಲ್ಲವನಿಗೆ ಲೆಕ್ಕ ಬರದು. ಲೆಕ್ಕ ಬಲ್ಲವನಿಗೆ ಕಟ್ಟಲು ಬರದು. ಹಳೇ ಇಂಜಿನ್ನು ಈ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬಲ್ಲದು, ಕೂರಲು ಇಬ್ಬರಿಗೂ ಮನಸ್ಸಿದ್ದರೆ.

ಕೈಗಾರಿಕೆ ಹುಟ್ಟಿದ್ದೂ ಇಂಥ ಹೊಸಬರಿಂದಲೇ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರ ಬರೆಯಲು ಮುಂಬಯಿಗೆ ಹೋದರು. ಬಣ್ಣಗಳನ್ನು ಗುರುತಿಸುವ ಕಣ್ಣಿನ ದೋಷ ಅಡ್ಡ ಬಂತು. ಯಂತ್ರದ ನಕ್ಷೆ ಬರೆಯುವುದಕ್ಕೆ ಬಣ್ಣ ಬೇಕಾಗಿರಲಿಲ್ಲ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಗಲಿದರೆ ಹೊಲಕ್ಕೆ ವಿಷವೇರುತ್ತದೆಂದು ಹೆದರಿ ರೈತರು ಆ ನೇಗಿಲನ್ನು ಬಹಳ ಕಾಲ ಮುಟ್ಟಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅವರನ್ನು ಉದ್ಯಮಿ ಎಂದು ಪಾಠದಲ್ಲಿ ಹೊಗಳುವ ನಾವು, ನಡು ಹರೆಯಕ್ಕೆ ಬರುತ್ತಿದ್ದರೂ ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುತ್ತಲೇ ಇದ್ದ ಮನುಷ್ಯನನ್ನು ಮರೆಯುತ್ತೇವೆ.

ಈಗ ಅಂಥ ಹೊಸಬ ಎಲ್ಲಿಗೆ ಹೋಗಬೇಕು? ನನ್ನ ವಾದದ ತಿರುಳು ಇಲ್ಲಿದೆ. ಹಿಂದಿನ ಮಿಸ್ತ್ರಿಗಳು ಕಲಿತದ್ದು ಹತ್ತು ಹನ್ನೊಂದರ ವಯಸ್ಸಿನಲ್ಲಿ, ಉಸ್ತಾದನ ಗ್ಯಾರೇಜಿನಲ್ಲಿ ಪಾನಾ ಒರೆಸಿ, ಚಹಾ ತಂದು, ಬೈಗುಳ ತಿಂದು. ನಮ್ಮ ಅಣ್ಣಿಗೇರಿಯ ಮಿಸ್ತ್ರಿಯೂ ಹಾಗೇ ಕಲಿತವರು. ಆ ದಿನಗಳನ್ನು ಅವರು ಹೊಗಳುವುದಿಲ್ಲ. “ನಮ್ಮ ಹುಡುಗರಿಗೆ ಅದು ಬ್ಯಾಡ್ರಿ” ಅನ್ನುತ್ತಾರೆ. ಅದು ಬಾಲದುಡಿಮೆ, 2016ರ ತಿದ್ದುಪಡಿಯ ನಂತರ ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಕಸುಬಿನ ದುಡಿಮೆಗೂ ಇಟ್ಟುಕೊಳ್ಳುವಂತಿಲ್ಲ. ಆ ಬಾಗಿಲು ಮುಚ್ಚಿದ್ದು ನ್ಯಾಯವೇ. ಆದರೆ ಬದಲಿಗೆ ತೆರೆದ ಬಾಗಿಲು ಬಲು ಕಿರಿದು. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಎಂಬ ಒಂದು ವರ್ಷದ ತರಬೇತಿ ಇದೆ, ಹತ್ತನೆಯದು ಮುಗಿಸಿದ ಹುಡುಗರಿಗಾಗಿ. ನಲವತ್ತರ ರೈತ, ಶಾಲೆಯ ಮೇಡಂ, ದನ ಸಾಕುವ ಹೆಣ್ಣುಮಗಳು ಒಂದು ಇಂಜಿನ್ ಬಿಚ್ಚಿ ನೋಡಬೇಕೆಂದರೆ ಅವರಿಗೆ ಜಾಗವಿಲ್ಲ. ಗ್ಯಾರೇಜಿನಲ್ಲಿ ನಿಂತು ನೋಡಿದರೆ “ಅಕ್ಕಾರ, ನೀವ್ ಹೋಗ್ರಿ, ಸಂಜೀಕ ಕಳಸ್ತೀವಿ” ಎಂಬ ಮರ್ಯಾದೆಯ ಮಾತು ಬರುತ್ತದೆ, ಅಷ್ಟೇ.

ಅದರ ಹಿಂದೆ ಜಾತಿಯ ನೆರಳೂ ಇದೆ. ಎಣ್ಣೆ ಮೆತ್ತಿದ ಕೈ ಯಾರದಾಗಿರಬೇಕು ಎಂಬುದನ್ನು ಊರು ಬಹಳ ಹಿಂದೆಯೇ ತೀರ್ಮಾನಿಸಿದೆ. ವೇದಿಕೆಯ ಮೇಲೆ ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡಿದವರು ಕೆಳಗಿಳಿದು, ಕಾರು ಕೆಟ್ಟರೆ, ಬಾನೆಟ್ ಎತ್ತಲು ಹುಡುಗನನ್ನು ಕೂಗುತ್ತಾರೆ. ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಹೆಸರಿದೆ; ಎರಡೂ ಸರಿಯೇ. ಆದರೆ ಸೀಸದ ಚೂರಿನಿಂದ ಸಂದು ಅಳೆಯುವ ವಿದ್ಯೆಯನ್ನು ಯಾರೂ ಪರಂಪರೆ ಎಂದು ಕರೆಯುವುದಿಲ್ಲ. ಅದು ಕಬ್ಬಿಣದ್ದು, ಕಪ್ಪು, ಮತ್ತು ಅದನ್ನು ಬಲ್ಲವರು ಸನ್ಮಾನಕ್ಕೆ ಕರೆಸಿಕೊಳ್ಳುವ ಜನವಲ್ಲ.

ರಿಪೇರಿಯ ಹಕ್ಕಿನ ಬಗ್ಗೆ ಈಚೆಗೆ ಒಳ್ಳೆಯ ಮಾತುಗಳು ಕೇಳಿಬರುತ್ತಿವೆ. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರಲ್ಲಿ ಭಾರತದ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳ ಮೇಲೆ ಒಟ್ಟು ಎರಡೂವರೆ ಸಾವಿರ ಕೋಟಿಗೂ ಮೀರಿದ ದಂಡ ಹಾಕಿತು. ಅದು ಮೇಲ್ಮನವಿಗಳ ದಾರಿ ಹಿಡಿಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಒಂದು ಸಮಿತಿ ಮಾಡಿ, ವರ್ಷದ ಕೊನೆಗೆ ಜಾಲತಾಣವನ್ನೂ ತೆರೆಯಿತು. ಅದು ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣ ಒಂದು. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ರೈತ ತನ್ನ ಟ್ರ್ಯಾಕ್ಟರನ್ನು ತಾನೇ ರಿಪೇರಿ ಮಾಡಿಕೊಳ್ಳುವ ಹಕ್ಕಿನ ಕಾಯ್ದೆ 2024ರ ಜನವರಿಯಿಂದ ಜಾರಿಯಲ್ಲಿದೆ. ಇವೆಲ್ಲ ಬೇಕು. ಆದರೆ ಕಾಯ್ದೆ ಕೊಡಿಸಬಲ್ಲದ್ದು ಬಿಡಿಭಾಗವನ್ನು, ಪುಸ್ತಿಕೆಯನ್ನು. ಎಂದೂ ನಟ್ಟು ತಿರುಗಿಸದ ಕೈಗೆ ಹಕ್ಕುಪತ್ರ ಕೊಟ್ಟರೆ ಅದು ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಹೊಂಡದ ದಂಡೆಯಲ್ಲಿ ನಾನು ಕಂಡ ಒಂದು ಹೊಸ ಪಂಪಿನ ಜತೆ ಬಂದಿದ್ದ ಪುಸ್ತಿಕೆಯಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ಕನ್ನಡ ಇರಲಿಲ್ಲ. ಬಿಚ್ಚುವ ಮಾತಂತೂ ಯಾವ ಭಾಷೆಯಲ್ಲೂ ಇರಲಿಲ್ಲ. ‘ಅಧಿಕೃತ ಸರ್ವಿಸ್ ಕೇಂದ್ರವನ್ನು ಸಂಪರ್ಕಿಸಿ’ ಎಂಬುದು ಮಾತ್ರ ಪುಟಪುಟಕ್ಕೂ ಇತ್ತು.

ಒಂದು ತಮಾಷೆ ನೋಡಿ. ನಾವು ಗುಜರಿಗೆ ಹಾಕುವ ಈ ರಾಜಕೋಟದ ಇಂಜಿನ್ನನ್ನೇ ಅಮೆರಿಕ, ಆಸ್ಟ್ರೇಲಿಯಾದ ಹವ್ಯಾಸಿಗಳು ಹಡಗಿನಲ್ಲಿ ತರಿಸಿಕೊಂಡರು, ಕರೆಂಟಿನ ಕಂಬವಿಲ್ಲದ ಕಡೆ ಸ್ವಂತ ವಿದ್ಯುತ್ತಿಗೆ. ಎರಕದ ಮರಳು ಕ್ರ್ಯಾಂಕ್ ಪೆಟ್ಟಿಗೆಯೊಳಗೆ ಉಳಿದು ಬರುತ್ತಿದ್ದುದರಿಂದ, ಹೊಚ್ಚ ಹೊಸ ಇಂಜಿನ್ನನ್ನೂ ಮೊದಲು ಪೂರ್ತಿ ಬಿಚ್ಚಿ ತೊಳೆಯಬೇಕು ಎಂಬುದು ಅವರಲ್ಲಿ ರೂಢಿಯಾಯಿತು. ಕೊಂಡವನೇ ಕಟ್ಟುವವನೂ ಆಗಬೇಕಾಯಿತು. ಕಾರ್ಖಾನೆಯ ಅಶ್ರದ್ಧೆಯನ್ನು ನಾನು ಹೊಗಳುತ್ತಿಲ್ಲ. ಆದರೆ ಎಷ್ಟೋ ಹೊಸಬರು ಕಲಿತದ್ದು ಆ ಮರಳಿನ ದೆಸೆಯಿಂದ. ಹೊಗೆಯ ನಿಯಮ ಬಿಗಿಯಾದ ಮೇಲೆ ಅಮೆರಿಕಕ್ಕೆ ಆ ಆಮದು ನಿಂತಿತು, ಅದೂ ನ್ಯಾಯವೇ.

ಹೊಗೆಯ ಆಕ್ಷೇಪ ನಿಜವಾದದ್ದು. ಈ ಇಂಜಿನ್ನನ್ನು ದಿನವೂ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಬಿಚ್ಚಿ, ಕಟ್ಟಿ, ಎಬ್ಬಿಸಿ, ನಿಲ್ಲಿಸಿ, ಮತ್ತೊಬ್ಬರು ಬಿಚ್ಚಲು ಬಿಡಿ ಎನ್ನುತ್ತಿದ್ದೇನೆ. ಅಪಾಯದ ಆಕ್ಷೇಪವೂ ಸುಳ್ಳಲ್ಲ. ತೆರೆದ ಫ್ಲೈವೀಲಿಗೆ, ಪಟ್ಟಾಕ್ಕೆ ಪಂಚೆಯ ಚುಂಗು, ಸೀರೆಯ ಸೆರಗು ಸಿಕ್ಕರೆ ಜೀವಕ್ಕೆ ಬರುತ್ತದೆ. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಬೇಕು, ಸುತ್ತಿ ಹಿಡಿಯಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಮೊದಲು ಮುರಿಯುವುದು ಅದೇ. ಇದನ್ನೆಲ್ಲ ಹೇಳಿಕೊಡಲು ಬಲ್ಲವರು ಜತೆಗಿರಬೇಕು. ಬಲ್ಲವರ ಸರಾಸರಿ ವಯಸ್ಸು ಏರುತ್ತಿದೆ ಎಂಬುದೇ ನನ್ನ ಅವಸರಕ್ಕೆ ಕಾರಣ.

ಆದ್ದರಿಂದ ಬೇಕಾದದ್ದು ವಸ್ತುಸಂಗ್ರಹಾಲಯವಲ್ಲ, ಹೋಬಳಿಗೊಂದು ಮೇಜು. ಕೃಷಿ ಯಂತ್ರಧಾರೆ ಎಂಬ ಬಾಡಿಗೆ ಕೇಂದ್ರಗಳು ಕರ್ನಾಟಕದಲ್ಲಿ ಈಗಾಗಲೇ ಇವೆ. ಸ್ವಂತಕ್ಕೆ ಕೊಳ್ಳಲಾಗದ ಟ್ರ್ಯಾಕ್ಟರು, ಕೂರಿಗೆಯಂಥ ಯಂತ್ರಗಳನ್ನು ರೈತರು ಅಲ್ಲಿಂದ ಬಾಡಿಗೆಗೆ ತರುತ್ತಾರೆ. ಅದೇ ಕೇಂದ್ರದಲ್ಲಿ ಮೈಕ್ರೋಮೀಟರು, ಬೋರ್ ಗೇಜು, ಫೀಲರ್ ಗೇಜು, ಟಾರ್ಕ್ ಪಾನಾ, ಫ್ಲೈವೀಲ್ ಎಳೆಯುವ ಪುಲ್ಲರು ಬಾಡಿಗೆಗೆ ಸಿಗಲಿ. ಹೊಸಬನ ದೊಡ್ಡ ಕೊರತೆ ಇವೇ. ಪಾನಾ ಎಲ್ಲರ ಮನೆಯಲ್ಲೂ ಒಂದೆರಡಿರುತ್ತವೆ, ಅಳೆಯುವ ಸಾಧನ ಇರುವುದಿಲ್ಲ. ರಿಂಗನ್ನು ಲೈನರಿನೊಳಗೆ ಇಟ್ಟು ಅದರ ಬಾಯಿಯ ಸಂದನ್ನು ಅಳೆಯಬೇಕು: ಬೋರಿನ ಒಂದೊಂದು ಇಂಚಿಗೆ ಇಂಚಿನ ಸಾವಿರದಲ್ಲಿ ಮೂರು ನಾಲ್ಕು ಪಾಲು ಎಂಬುದು ಹಳೆಯ ಲೆಕ್ಕ. ಅದನ್ನು ಕಣ್ಣಂದಾಜಿನಲ್ಲಿ ಮಾಡುವ ಮಿಸ್ತ್ರಿಗಳಿದ್ದಾರೆ; ಹೊಸಬ ಮಾಡಲಾರ. ಮೇಜಿನ ಪಕ್ಕದಲ್ಲಿ ಊರಿನವರೇ ಕೊಟ್ಟ ಒಂದು ಹಳೇ ಇಂಜಿನ್ ಇರಲಿ, ವಾರಕ್ಕೊಂದು ದಿನ ಮಿಸ್ತ್ರಿಯೊಬ್ಬರಿಗೆ ಕೂಲಿ ಕೊಟ್ಟು ಕೂರಿಸಲಿ. ಕೂಲಿ ಎಂದರೆ ಕೂಲಿ. ಶಾಲು ಹೊದಿಸಿ ಕಳಿಸುವುದಲ್ಲ.

ಬೋರ್ ಗೇಜು ಕೆಡವಿದರೆ ಹೊಣೆ ಯಾರು ಎಂದು ಕಚೇರಿಯಲ್ಲಿ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಬಾಡಿಗೆಗೆ ಒಯ್ದ ರೋಟವೇಟರಿನ ಅಲಗು ಕಲ್ಲಿಗೆ ಬಡಿದು ಮುರಿದರೆ ಈಗ ಯಾವ ನಿಯಮವೋ, ಗೇಜಿಗೂ ಅದೇ ನಿಯಮ.